ಪೆನ್ಸಿಲ್ವೇನಿಯಾದ ಚಿನ್ನದ ಟ್ರೌಟ್: ಲೈಸೆನ್ಸ್ ದುಡ್ಡಿಗೆ ಸಿಗುವ ಸೇವೆ ಹೇಗಿದೆ?

ನೀವು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದು, ಮನೆಯಲ್ಲಿ ಮಕ್ಕಳಿದ್ದು, ಇನ್ನೂ ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿಲ್ಲ ಅಂದರೆ ಈ ವರ್ಷ ತಪ್ಪದೆ ಮಾಡಿಸಿ. ಇಲ್ಲಿನ ಫಿಶ್ ಅಂಡ್ ಬೋಟ್ ಕಮಿಷನ್, ಅಂದರೆ ರಾಜ್ಯದ ಮೀನುಗಾರಿಕೆ ಇಲಾಖೆ, ಪ್ರತಿವರ್ಷ ಹೊಳೆಗಳಿಗೆ, ಕೆರೆಗಳಿಗೆ ಟ್ರೌಟ್ ಅನ್ನುವ ತಣ್ಣೀರಿನ ಮೀನು ಸಾಕಿ ಬಿಡುತ್ತದೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ಪೂರ್ತಿ ಹಳದಿ ಬಣ್ಣದ್ದು ಇರುತ್ತೆ. ಅದೇ ಗೋಲ್ಡನ್ ರೇನ್‌ಬೋ ಟ್ರೌಟ್. ಈ ವಿಮರ್ಶೆ ಆ ಸೇವೆಯ ಬಗ್ಗೆ, ಅದರಲ್ಲೂ ಆ ಹಳದಿ ಮೀನಿನ ಬಗ್ಗೆ.

ಬರೆಯುವುದಕ್ಕೆ ಕಾರಣ ಇದೆ. ಹ್ಯಾರಿಸ್‌ಬರ್ಗ್ ಸುತ್ತ, ಮೆಕ್ಯಾನಿಕ್ಸ್‌ಬರ್ಗ್, ಕ್ಯಾಂಪ್ ಹಿಲ್ ಕಡೆ ನಮ್ಮವರು ಸುಮಾರು ಜನ ಇದ್ದೇವೆ. ಶನಿವಾರ ಬಂದರೆ ಅಂಗಡಿ, ದೇವಸ್ಥಾನ, ಯಾರದೋ ಮಗುವಿನ ಬರ್ತ್‌ಡೇ. ಯೆಲ್ಲೋ ಬ್ರೀಚಸ್ ಹೊಳೆ ಹತ್ತಿರದಲ್ಲೇ ಹರಿಯುತ್ತೆ, ಕಾರಿನಿಂದ ಇಳಿದು ನೋಡುವವರು ಕಡಿಮೆ. ಕೇಳಿದರೆ "ರೂಲ್ಸ್ ಎಲ್ಲ ಗೊತ್ತಿಲ್ಲ ಮಾರಾಯ್ರೇ, ಯಾಕೆ ಸುಮ್ನೆ ತಲೆನೋವು" ಅನ್ನುತ್ತಾರೆ. ರೂಲ್ಸ್ ಕಷ್ಟದ್ದೇನೂ ಅಲ್ಲ. ನಾನು ತೀರ್ಥಹಳ್ಳಿ ಕಡೆಯವನು, ತುಂಗೆಯ ದಡದಲ್ಲಿ ಆಡಿ ಬೆಳೆದವನು. ಊರು ಬಿಟ್ಟ ಮೇಲೆ ಹೊಳೆಯ ಜೊತೆ ಮತ್ತೆ ನಂಟು ಸಿಕ್ಕಿದ್ದು ಇದರಿಂದಲೇ. ಹಾಗಾಗಿ ಪಕ್ಷಪಾತ ಸ್ವಲ್ಪ ಇದ್ದೇ ಇರುತ್ತೆ.

ಖರ್ಚಿನ ವಿಷಯ ಮೊದಲು ಮುಗಿಸೋಣ. 16 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು, ಟ್ರೌಟ್ ಹಿಡಿಯಲು ಅದರ ಮೇಲೆ ಒಂದು ಪರ್ಮಿಟ್ ಬೇಕು. ಇಲ್ಲಿಯ ನಿವಾಸಿಗಳಿಗೆ ಎರಡೂ ಸೇರಿ ವರ್ಷಕ್ಕೆ 50 ಡಾಲರ್ ದಾಟುವುದಿಲ್ಲ. 16ರ ಒಳಗಿನ ಮಕ್ಕಳಿಗೆ ಲೈಸೆನ್ಸೇ ಬೇಡ. ಫೋನಿನಲ್ಲಿ ಕಮಿಷನ್ನಿನ ಆ್ಯಪ್ ಹಾಕಿಕೊಂಡರೆ ಯಾವ ಹೊಳೆಗೆ ಯಾವ ದಿನ ಮೀನು ಬಿಡುತ್ತಾರೆ ಅನ್ನುವ ಪಟ್ಟಿ ಅಂಗೈಯಲ್ಲೇ ಇರುತ್ತೆ. ಸರ್ಕಾರಿ ಇಲಾಖೆಯೊಂದು ಇಷ್ಟು ಬಿಚ್ಚಿ ಹೇಳುವುದು ನನಗೆ ತುಂಬಾ ಹಿಡಿಸಿತು. ಹೊಳೆಯ ಹೆಸರು, ದಿನಾಂಕ, ಲಾರಿ ಎಲ್ಲಿಂದ ಹೊರಡುತ್ತೆ, ಎಷ್ಟು ಹೊತ್ತಿಗೆ, ಎಲ್ಲ ಇರುತ್ತೆ. ಗುಟ್ಟು ಏನೂ ಇಲ್ಲ.

ಆ ಪಟ್ಟಿಯಲ್ಲಿ ತುಂಬಾ ಜನ ಗಮನಿಸದ ಒಂದು ಸಂಗತಿ ಇದೆ. ಮೀನು ಬಿಡುವ ದಿನ ಯಾರು ಬೇಕಾದರೂ ಹೋಗಿ ಕೈಜೋಡಿಸಬಹುದು. ಕೂಲಿ ಇಲ್ಲ, ಫೀಸೂ ಇಲ್ಲ. ನನ್ನ ಕೇಳಿದರೆ ಇಡೀ ಸೇವೆಯಲ್ಲಿ ಅತ್ಯಂತ ಒಳ್ಳೆಯ ಭಾಗ ಇದೇ.

ಮಾರ್ಚ್ ತಿಂಗಳು ಅಂದರೆ ಇಲ್ಲಿ ಇನ್ನೂ ಮೈ ಕೊರೆಯುವ ಚಳಿ. ನೆಲ ಅರ್ಧ ಕೆಸರು, ಅರ್ಧ ಮಂಜುಗಡ್ಡೆ. ಲಾರಿಯ ಮೇಲೆ ದೊಡ್ಡ ದೊಡ್ಡ ಟ್ಯಾಂಕುಗಳು. ಆಕ್ಸಿಜನ್ ಹಾಯುವ ಬುರುಬುರು ಸದ್ದು. ಮೇಲೆ ನಿಂತವರು ಉದ್ದ ಹಿಡಿಯ ಬಲೆಯಲ್ಲಿ ಮೀನು ಮೊಗೆದು ಕೆಳಗಿದ್ದವರ ಬಕೆಟ್ಟಿಗೆ ಸುರಿಯುತ್ತಾರೆ. ಬಕೆಟ್ ಹಿಡಿದವರು ಓಡುನಡಿಗೆಯಲ್ಲಿ ಹೊಳೆಗೆ ಹೋಗಿ, ನೀರಿನ ಮಟ್ಟಕ್ಕೆ ಬಗ್ಗಿ, ಮೆಲ್ಲಗೆ ಬಾಗಿಸಬೇಕು. ಮೇಲಿನಿಂದ ಎಸೆಯಬಾರದು. ನಮ್ಮ ಹಿಂದೆ ನಿಂತಿದ್ದ ಒಬ್ಬ ಅಜ್ಜ ಇದನ್ನು ಪ್ರತಿ ಮಗುವಿಗೂ ಹೇಳುತ್ತಿದ್ದರು, ಕೈಹಿಡಿದು ತೋರಿಸುತ್ತಿದ್ದರು. ನನ್ನ ಮಗಳಿಗೆ ಬಕೆಟ್ ಭಾರ. ಹಿಡಿಯ ಒಂದು ಕಡೆ ಅವಳು, ಇನ್ನೊಂದು ಕಡೆ ನಾನು. ಎಂಟೋ ಒಂಬತ್ತೋ ಬೂದುಹಸಿರು ಮೀನುಗಳ ನಡುವೆ ಒಂದು ಹಳದಿ.

"ಅಪ್ಪಾ, ಇದು ಬೇರೆ ಜಾತಿಯಾ?"

ಅಲ್ಲ. ಜಾತಿ ಅದೇ. ಬಕೆಟ್ಟಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತೆ. ಮಾಮೂಲಿ ರೇನ್‌ಬೋಗೆ ಬೆನ್ನು ಹಸಿರು, ಮೈತುಂಬಾ ಸಣ್ಣ ಕಪ್ಪು ಚುಕ್ಕೆ, ಪಕ್ಕೆಯಲ್ಲಿ ಉದ್ದಕ್ಕೆ ಗುಲಾಬಿ ಪಟ್ಟೆ. ಹಳದಿಯದಕ್ಕೆ ಪಟ್ಟೆ ಹಾಗೇ ಇದೆ. ಇನ್ನೂ ಕೆಂಪಾಗಿ ಎದ್ದು ಕಾಣುತ್ತೆ. ಚುಕ್ಕೆ ಮಾತ್ರ ಇಲ್ಲ. ಹಳದಿಯ ಮೇಲೆ ಕೆಂಪು ಹರಡಿದ ರೀತಿ ನೋಡಿದರೆ ನಮ್ಮ ಕಡೆಯ ಗೇರುಹಣ್ಣು ನೆನಪಾಗುತ್ತೆ, ಬುಡದಲ್ಲಿ ಹಳದಿ ಇದ್ದು ಕೆನ್ನೆಯ ಕಡೆ ಕೆಂಪೇರಿದ ಹಣ್ಣು. ಕಣ್ಣು ಕಪ್ಪು. ಈ ಕಣ್ಣನ್ನು ನೋಡುವುದು ಮುಖ್ಯ. ಬಣ್ಣವೇ ಹುಟ್ಟದ ಬಿಳಿ ಮೀನಿಗೆ ಕಣ್ಣು ಗುಲಾಬಿ ಇರುತ್ತೆ. ಇದಕ್ಕೆ ಹಾಗಿಲ್ಲ. ಮೈಯಲ್ಲಿ ಕಪ್ಪು ಬಣ್ಣ ಅಡಗಿದೆ, ಕೆಳಗಿದ್ದ ಹಳದಿ, ಕೆಂಪು ಮೇಲೆ ಕಾಣುತ್ತಿವೆ, ಅಷ್ಟೇ. ಇನ್ನೊಂದನ್ನೂ ಗಮನಿಸಿ. ಬೆನ್ನಿನ ರೆಕ್ಕೆ ಕೆಲವಕ್ಕೆ ಸವೆದು ಮೊಂಡಾಗಿರುತ್ತೆ. ಸಿಮೆಂಟ್ ತೊಟ್ಟಿಯಲ್ಲಿ ಒತ್ತೊತ್ತಾಗಿ ಬೆಳೆದ ಮೀನಿನ ಗುರುತು ಅದು. ಹೊಳೆಯಲ್ಲೇ ಹುಟ್ಟಿ ಬೆಳೆದದ್ದಕ್ಕೆ ರೆಕ್ಕೆಯ ಅಂಚು ಚೂಪಾಗಿ, ಪೂರ್ತಿ ಇರುತ್ತೆ.

ಇವುಗಳ ಮೂಲ ಪಕ್ಕದ ರಾಜ್ಯದ್ದು. 1955ರಲ್ಲಿ ವೆಸ್ಟ್ ವರ್ಜೀನಿಯಾದ ಪೀಟರ್ಸ್‌ಬರ್ಗ್ ಮೀನುಮರಿ ಕೇಂದ್ರದಲ್ಲಿ ಸಾವಿರಾರು ರೇನ್‌ಬೋ ಮರಿಗಳ ನಡುವೆ ಒಂದು ಹಳದಿ ಮಚ್ಚೆಯ ಮರಿ ಕಣ್ಣಿಗೆ ಬಿತ್ತು. ಹೆಣ್ಣು ಮರಿ. ಅದನ್ನು ಬೇರೆ ಇಟ್ಟು ಸಾಕಿದರು. ದೊಡ್ಡದಾಗಿ ಮೊಟ್ಟೆ ಇಟ್ಟಾಗ ಮರಿಗಳಲ್ಲಿ ಹಳದಿಯವು ಹುಟ್ಟಿದವು. ಅದೇ ಸಂತತಿಯನ್ನು ಬೆಳೆಸಿ, 1963ರಲ್ಲಿ ಆ ರಾಜ್ಯಕ್ಕೆ ನೂರು ವರ್ಷ ತುಂಬಿದಾಗ ಹೊಳೆಗಳಿಗೆ ಬಿಟ್ಟರು. ಒಂದೇ ಒಂದು ತಾಯಿಮೀನು! ಲಾರಿಯಲ್ಲಿ ಬರುವ ಪ್ರತಿ ಹಳದಿ ಮೀನಿನ ಹಿಂದೆ ಆ ಒಂದು ಮರಿಯನ್ನು ಎಸೆಯದೆ ಉಳಿಸಿದ ಕೆಲಸಗಾರರ ಕಣ್ಣಿದೆ. ಪೆನ್ಸಿಲ್ವೇನಿಯಾದವರು ಅಲ್ಲಿಂದ ತಂದು ಇಲ್ಲಿಯ ರೇನ್‌ಬೋ ಜೊತೆ ಕೂಡಿಸಿ 1967ರಲ್ಲಿ ಬಿಡಲು ಶುರು ಮಾಡಿದರು. ಆಗಿನವು ಪಾಲೋಮಿನೋ, ಮಾಸಿದ ಹಳದಿ ಬಣ್ಣದವು. ಯಾಕೆಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಹಳದಿಯ ಜೀನ್ ಬಂದರೆ ಮಾತ್ರ ಅಪ್ಪಟ ಚಿನ್ನದ ಬಣ್ಣ. ಒಬ್ಬರಿಂದ ಮಾತ್ರ ಬಂದರೆ ನಡುವಿನ ಬಣ್ಣ. ಈಗ ಬಿಡುವುದು ಆರಿಸಿ ಆರಿಸಿ ಬೆಳೆಸಿದ ಗಾಢ ಬಣ್ಣದವು.

ಕಮಿಷನ್ ವರ್ಷಕ್ಕೆ ಸುಮಾರು 32 ಲಕ್ಷ ದೊಡ್ಡ ಟ್ರೌಟ್ ಬಿಡುತ್ತೆ. ಅದರಲ್ಲಿ ದೊಡ್ಡ ಗಾತ್ರದ ಹಳದಿ ಸುಮಾರು 14 ಸಾವಿರ. ಅಂದರೆ ಇನ್ನೂರಕ್ಕೆ ಒಂದೂ ಬರುವುದಿಲ್ಲ. ಆದರೆ ಸಾಧಾರಣ ರೇನ್‌ಬೋಗಿಂತ ಇವು ದೊಡ್ಡವು. 14ರಿಂದ 20 ಇಂಚು ಉದ್ದ, ಸರಾಸರಿ ಒಂದೂವರೆ ಪೌಂಡ್ ತೂಕ. ಮರಿಯಾಗಿದ್ದಾಗಲೇ ಬಿಟ್ಟರೆ ಕೊಕ್ಕರೆ, ಮೀನುಹದ್ದು ಒಂದೂ ಉಳಿಸುವುದಿಲ್ಲ. ಹೊಳೆಯಲ್ಲಿ ತಾನಾಗಿ ಹುಟ್ಟಿದ ಹಳದಿ ಮೀನು ನಮ್ಮ ಕಣ್ಣಿಗೆ ಬೀಳದಿರುವುದಕ್ಕೂ ಇದೇ ಕಾರಣ. ಹುಟ್ಟುವುದೇ ಅಪರೂಪ, ಹುಟ್ಟಿದರೂ ಬಾಳುವುದಿಲ್ಲ.

ಈಗ ಹಿಡಿಯುವ ವಿಷಯ. ಏಪ್ರಿಲ್ ಮೊದಲ ಶನಿವಾರ ಬೆಳಗ್ಗೆ 8 ಗಂಟೆಗೆ ಇಡೀ ರಾಜ್ಯದಲ್ಲಿ ಒಟ್ಟಿಗೆ ಶುರು. ಅದಕ್ಕೆ ಮೊದಲು ಫೆಬ್ರವರಿಯಿಂದ ಮೀನು ಬಿಟ್ಟ ಹೆಚ್ಚಿನ ಹೊಳೆಗಳಲ್ಲಿ ಗಾಳ ಹಾಕುವಂತಿಲ್ಲ. ಆ ಶನಿವಾರದ ಗದ್ದಲ ನೋಡಲೇಬೇಕು. ಬೆಳಕು ಹರಿಯುವ ಮೊದಲೇ ಜನ ಮಡಚುವ ಕುರ್ಚಿ ಹಾಕಿ ಜಾಗ ಹಿಡಿದಿರುತ್ತಾರೆ. ಅಜ್ಜ, ಮಗ, ಮೊಮ್ಮಗ ಒಂದೇ ಬಂಡೆಯ ಮೇಲೆ. ನಮಗೆ ಗಡಿಯಾರ ನೋಡಿ ಅಭ್ಯಾಸ ಇಲ್ಲದಿದ್ದರೂ ಅವತ್ತು ಎಲ್ಲರೂ 8 ಆಗುವುದನ್ನೇ ಕಾಯುತ್ತಾರೆ. ಸೇತುವೆಯ ಮೇಲಿನಿಂದ ಯಾರೋ ಒಬ್ಬರು ಹಳದಿ ಮೀನು ಕಂಡು ಕೂಗಿದರೆ ಸಾಕು, ಹತ್ತು ಗಾಳ ಅದೇ ಕಡೆ ಹಾರುತ್ತವೆ. ದಾರಗಳು ಒಂದಕ್ಕೊಂದು ಸುತ್ತಿಕೊಂಡು ಬಿಡಿಸುವುದರಲ್ಲೇ ಅರ್ಧ ಗಂಟೆ. ಅಷ್ಟರಲ್ಲಿ ಮೀನು ಅಲ್ಲಿಂದ ಹೋಗಿರುತ್ತೆ.

ಹಾಗಾಗಿ ಸಣ್ಣ ಮಕ್ಕಳಿದ್ದವರಿಗೆ ನನ್ನ ಸಲಹೆ: ಆ ಶನಿವಾರ ಬೇಡ. ಅದರ ಹಿಂದಿನ ಶನಿವಾರ ಮಕ್ಕಳಿಗೆಂದೇ ಒಂದು ದಿನ ಇದೆ. ಲೈಸೆನ್ಸ್, ಪರ್ಮಿಟ್ ಇರುವ ದೊಡ್ಡವರ ಜೊತೆ ಮಕ್ಕಳು ಬಂದು ಹಿಡಿಯಬಹುದು. ಮಗುವಿಗೆ ಪುಕ್ಕಟೆ ಪರ್ಮಿಟ್ ಒಂದು ಮಾಡಿಸಬೇಕು. ಎರಡು ಮೀನು ಮನೆಗೆ ತರಬಹುದು. ಗದ್ದಲ ಕಡಿಮೆ, ಮೀನು ಜಾಸ್ತಿ. ನಮ್ಮ ಅಕ್ಕಪಕ್ಕದವರು ತಮ್ಮ ಮಕ್ಕಳಿಗೆ ಹೇಳಿಕೊಡುವಾಗ ನನ್ನ ಮಗಳಿಗೂ ಸೇರಿಸಿ ಹೇಳಿಕೊಟ್ಟರು. ಕೇಳದೇ ತಮ್ಮ ಡಬ್ಬಿಯಿಂದ ಗಾಳ ತೆಗೆದು ಕಟ್ಟಿಕೊಟ್ಟರು. ಹೊರಗಿನವರು ಅನ್ನುವ ಭಾವನೆ ಅವತ್ತು ಒಂದು ಕ್ಷಣವೂ ಬರಲಿಲ್ಲ.

ಅವತ್ತು ಒಂದು ಹಳದಿ ಮೀನು ನಮ್ಮ ಎದುರಿಗೇ ನಿಂತಿತ್ತು. ಬಂಡೆಯ ಹಿಂದೆ, ಸೆಳವು ಎರಡಾಗಿ ಸೀಳಿ ಮತ್ತೆ ಕೂಡುವ ಜಾಗದಲ್ಲಿ. ಮೂಗು ಮೇಲ್ಹೊಳೆಯ ಕಡೆ. ಮಗಳು ಮೇಲಿನಿಂದ ಎರೆಹುಳು ತೇಲಿಬಿಟ್ಟಳು. ಮೀನು ಒಂದು ಗೇಣು ಪಕ್ಕಕ್ಕೆ ಸರಿದು, ಹುಳುವಿನ ಜೊತೆಜೊತೆಗೇ ಹಿಂದಕ್ಕೆ ತೇಲಿ, ಮೂಗು ತಾಗಿಸುವಷ್ಟು ಹತ್ತಿರ ಬಂತು. ಬಾಯಿ ತೆರೆಯಲಿಲ್ಲ. ತಿರುಗಿ ತನ್ನ ಜಾಗಕ್ಕೆ ಬಂದು ನಿಂತಿತು. ಮತ್ತೆ ಬಿಟ್ಟಳು. ಅದೇ ಆಟ. ಮೂರನೆಯದಕ್ಕೆ ಕತ್ತೂ ಹೊರಳಿಸಲಿಲ್ಲ. ಹುಳು ಅದನ್ನು ದಾಟಿ ಕೆಳಗೆ ಹೋಗುವಾಗ, ನಮಗೆ ಕಾಣದೇ ಇದ್ದ ಒಂದು ಮಾಮೂಲಿ ರೇನ್‌ಬೋ ಪಕ್ಕದಿಂದ ಬಂದು ನುಂಗಿತು. ಮಗಳ ಮೊದಲ ಮೀನು ಅದು.

ಹಳದಿ ಮೀನು ಹಿಡಿಯುವುದು ಕಷ್ಟ, ಅದು ಬುದ್ಧಿವಂತ ಮೀನು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಾಮೂಲಿ ಮೀನು ನಮ್ಮ ಗಾಳವನ್ನು ನೂರು ಸಲ ಮೂಸಿ ಬಿಟ್ಟರೂ ನಮಗೆ ಗೊತ್ತಾಗುವುದೇ ಇಲ್ಲ. ಮೀನೇ ಇಲ್ಲ ಅಂದುಕೊಂಡು ಮುಂದಿನ ಗುಂಡಿಗೆ ಹೋಗುತ್ತೇವೆ. ಇದು ಬಿಟ್ಟದ್ದು ಮಾತ್ರ ಕಾಣುತ್ತೆ. ಮೇಲಾಗಿ ಹೊಳೆಯಲ್ಲಿರುವ ಎಲ್ಲರೂ ಇದರ ತಲೆಯ ಮೇಲೇ ಗಾಳ ಬೀಸಿ ಬೀಸಿ ಹೆದರಿಸಿರುತ್ತಾರೆ. ಈ ಹಳದಿ ಮೀನಿನ ನಿಜವಾದ ಉಪಯೋಗ ಇದೇ ಅಂತ ನನ್ನ ಅಭಿಪ್ರಾಯ. ಟ್ರೌಟ್ ಎಲ್ಲಿ ನಿಲ್ಲುತ್ತೆ, ಯಾವ ಸೆಳವಿನ ಅಂಚು ಹಿಡಿಯುತ್ತೆ, ನೆರಳು ಬಿದ್ದರೆ ಏನು ಮಾಡುತ್ತೆ, ತಿನ್ನುವ ಮೊದಲು ಎಷ್ಟು ಹೊತ್ತು ನೋಡುತ್ತೆ, ಎಲ್ಲವನ್ನೂ ಮಗುವಿಗೆ ಕಣ್ಣಾರೆ ತೋರಿಸುವ ಮೀನು ಬೇರೆ ಇಲ್ಲ. ಅದು ನಿಂತ ಕಡೆ ಕಾಣದ ರೇನ್‌ಬೋಗಳೂ ನಿಂತಿರುತ್ತವೆ. ಅದನ್ನು ಗುರುತಿಗೆ ಇಟ್ಟುಕೊಂಡು ಅದರ ಅಕ್ಕಪಕ್ಕ ಗಾಳ ಬಿಡಿ. ಪಳಗಿದವರು ಮಾಡುವುದೂ ಅದನ್ನೇ.

ಸಾಮಾನಿನ ಬಗ್ಗೆ ಒಂದು ಎಚ್ಚರಿಕೆ. ಏಪ್ರಿಲ್ ಹತ್ತಿರ ಬಂದರೆ ಕೆಲವು ಅಂಗಡಿಗಳಲ್ಲಿ ಚಿನ್ನದ ಟ್ರೌಟಿಗೆಂದೇ ಸ್ಪೆಷಲ್ ಅಂತ ಹೊಳೆಯುವ ಬಣ್ಣದ ಹಿಟ್ಟಿನ ಡಬ್ಬಿ ಮಾರುತ್ತಾರೆ. ಒಂದು ಅಂಗಡಿಯಲ್ಲಿ ನನಗೂ ಒಂದನ್ನು ಕೊಟ್ಟು, ಅದಕ್ಕೆ ದಪ್ಪ ದಾರವೇ ಬೇಕು ಅಂತ ಅದನ್ನೂ ಕಟ್ಟಿದರು. ಅಂಗಡಿಯ ಹೆಸರು ಬೇಡ. ಆ ಹಿಟ್ಟನ್ನು ಮಾಮೂಲಿ ಮೀನು ತಿಂದವು, ಹಳದಿಯದು ಹತ್ತಿರವೂ ಬರಲಿಲ್ಲ. ದಪ್ಪ ದಾರವಂತೂ ತಿಳಿನೀರಿನಲ್ಲಿ ನನಗೇ ಕಾಣುತ್ತಿತ್ತು, ಮೀನಿಗೆ ಕಾಣದೇ ಇರುತ್ತಾ? ಬೇಕಾದದ್ದು ಇಷ್ಟೇ. 4 ಪೌಂಡ್ ತೂಕ ತಾಳುವ ತೆಳು ದಾರ, ಸಣ್ಣ ಗಾಳ, ಒಂದೇ ಒಂದು ಸಾಲ್ಮನ್ ಮೊಟ್ಟೆ ಅಥವಾ ಎರೆಹುಳು, ದಾರಕ್ಕೆ ಒಂದು ಸಣ್ಣ ಸೀಸದ ಗುಂಡು. ಅದರ ಜೊತೆ ಪೋಲರೈಸ್ಡ್ ಕನ್ನಡಕ. ಕನ್ನಡಕಕ್ಕೆ ಮಾತ್ರ ದುಡ್ಡು ನೋಡಬೇಡಿ. ನೀರಿನ ಮೇಲಿನ ಹೊಳಪು ಹೋಗಿ ತಳ ಕಂಡರೆ ಹೊಳೆಯೇ ಬೇರೆ. ಮೀನಿಗಿಂತ ಕೆಳಗೆ, ಅದರ ಬಾಲದ ಕಡೆ ನಿಲ್ಲಿ. ಅದು ಸೆಳವಿಗೆ ಮುಖ ಮಾಡಿ ನಿಂತಿರುತ್ತೆ, ಹಿಂದಿನದು ಕಾಣುವುದಿಲ್ಲ.

ಕೊನೆಗೆ ಹಳದಿಯದನ್ನು ಹಿಡಿದದ್ದು ನನ್ನ ಮಂಡ್ಯದ ಗೆಳೆಯ. ಗದ್ದಲ ಎಲ್ಲ ಮುಗಿದ ಮೇಲೆ, ವಾರದ ನಡುವೆ, ಮಳೆ ಬಂದು ನೀರು ಸ್ವಲ್ಪ ಬಗ್ಗಡ ಆಗಿದ್ದಾಗ. ಬಗ್ಗಡ ನೀರಿನಲ್ಲಿ ಮೀನಿಗೆ ನಾವು ಕಾಣುವುದಿಲ್ಲ, ಆದರೆ ನಮಗೆ ಹಳದಿ ಬಣ್ಣ ಕಾಣುತ್ತೆ. ಅವನು ಅದನ್ನು ಹುಲ್ಲಿನ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ನೋಡಿದ.

"ಅಲ್ಲ ಕಣಣ್ಣ, ಇದ್ನ ಕುಯ್ಯಕೆ ಮನ್ಸು ಬತ್ತದಾ?"

ಮನಸ್ಸು ಬಂತು. ದಿನಕ್ಕೆ ಒಟ್ಟು ಐದು ಟ್ರೌಟ್ ಇಟ್ಟುಕೊಳ್ಳಬಹುದು, 7 ಇಂಚಿಗಿಂತ ಸಣ್ಣದಿರಬಾರದು. ತಿನ್ನಲಿ ಅಂತಲೇ ಬಿಡುವ ಮೀನು, ತಿಂದರೆ ತಪ್ಪಿಲ್ಲ. ಸತ್ತ ಸ್ವಲ್ಪ ಹೊತ್ತಿಗೆ ಆ ಹೊಳಪು ಇಳಿದು ಮೈ ಮಂಕಾಗುತ್ತೆ. ಫೋಟೋ ಬೇಕಿದ್ದರೆ ನೀರಿನಿಂದ ತೆಗೆದ ತಕ್ಷಣ ತೆಗೆದುಕೊಳ್ಳಿ. ಟ್ರೌಟಿನ ಹುರುಪೆ ತುಂಬಾ ಸಣ್ಣ, ಹೆರೆಯುವ ಕೆಲಸ ಇಲ್ಲ. ಲೋಳೆ ಮಾತ್ರ ಜಾಸ್ತಿ. ಕಲ್ಲುಪ್ಪು ಹಾಕಿ ಎರಡು ಸಲ ತಿಕ್ಕಿ ತೊಳೆಯಬೇಕು. ರುಚಿಯಲ್ಲಿ ಮಾಮೂಲಿ ರೇನ್‌ಬೋಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ, ಬಣ್ಣ ಚರ್ಮದ್ದು ಮಾತ್ರ. ಮಾಂಸ ಮೆತ್ತಗೆ, ಸಪ್ಪೆ. ಸಾರಿಗೆ ಹಾಕಿದರೆ ಕರಗಿ ಮುಳ್ಳು ಬಿಡುತ್ತೆ. ನಾನು ಊರಿಂದ ತಂದಿಟ್ಟ ವಾಟೆಹುಳಿ, ಒಣಮೆಣಸು, ಬೆಳ್ಳುಳ್ಳಿ ಅರೆದು ಹಚ್ಚಿ, ಒಂದು ಗಂಟೆ ಬಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹುರಿಯುತ್ತೇನೆ. ಹುಳಿ ಸ್ವಲ್ಪ ಮುಂದಾಗಿಯೇ ಇರಲಿ. ಆಗ ಈ ಸಾಕಿದ ಮೀನಿಗೂ ಒಂದು ಬಾಯಿ ಬರುತ್ತೆ.

ಈ ಹಳದಿ ಮೀನಿನಿಂದ ಇನ್ನೊಂದು ಲಾಭ ಆಯಿತು. ಹಿಡಿದ ಪ್ರತಿ ಮೀನಿನ ಬಣ್ಣವನ್ನೂ ನಿಂತು ನೋಡುವುದು ರೂಢಿಯಾಯಿತು. ಬೇಸಿಗೆಯಲ್ಲಿ ಸಸ್ಕ್ವೆಹಾನಾ ನದಿಯಲ್ಲಿ ಸ್ಮಾಲ್‌ಮೌತ್ ಬಾಸ್ ಹಿಡಿಯುತ್ತೇವೆ. ಕೆಲವಕ್ಕೆ ಮೈಮೇಲೆ, ತುಟಿಯ ಮೇಲೆ ಅಚ್ಚ ಕಪ್ಪು ಕಲೆಗಳಿರುತ್ತವೆ. ಮುಟ್ಟಿದರೆ ಉಬ್ಬಿಲ್ಲ, ಗಾಯ ಇಲ್ಲ, ಬರೀ ಬಣ್ಣ. ಇದು ವೈರಸ್ಸಿಗೆ ಸಂಬಂಧಪಟ್ಟದ್ದು ಅಂತ ಇಲ್ಲಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಂಥ ಮೀನು ಸಿಕ್ಕರೆ ಫೋಟೋ ತೆಗೆದು ತಿಳಿಸಿ ಅಂತ ಗಾಳ ಹಾಕುವವರನ್ನೇ ಕೇಳುತ್ತಾರೆ. ಕಣ್ಣು ಕಾಣದ ಟ್ರೌಟ್ ಮೈಪೂರ್ತಿ ಕಪ್ಪಾಗುತ್ತೆ ಅನ್ನುವುದೂ ಹೀಗೇ ತಿಳಿದದ್ದು. ಸುತ್ತ ಎಷ್ಟು ಬೆಳಕಿದೆ ಅಂತ ಕಣ್ಣು ನೋಡಿ ಹೇಳಿದರೆ ತಾನೇ ಚರ್ಮ ಅದಕ್ಕೆ ಹೊಂದಿಕೊಳ್ಳುವುದು? ಕಣ್ಣು ಹೋದರೆ ಆ ಸುದ್ದಿ ನಿಲ್ಲುತ್ತೆ.

ಎಲ್ಲಕ್ಕಿಂತ ಖುಷಿ ಕೊಟ್ಟದ್ದು ನೀಲಿ ವಾಲ್‌ಐ ಕತೆ. ವಾಲ್‌ಐ ಅಂದರೆ ಹಳದಿ ಹಸಿರು ಮೈಯ, ತಿನ್ನಲು ತುಂಬಾ ರುಚಿಯಾದ ಮೀನು. ಕೆನಡಾದ ಒಂಟಾರಿಯೋ ಕಡೆಯ ಕೆಲವು ಕೆರೆಗಳಲ್ಲಿ ಗಾಳಕ್ಕೆ ನೀಲಿ ಬಣ್ಣದ ವಾಲ್‌ಐ ಸಿಗುತ್ತಿದ್ದವು. ನೀಲಿ ಇರುವುದು ಮೀನಿನ ಲೋಳೆಯಲ್ಲಿ. ಆ ಲೋಳೆಯಲ್ಲಿರುವ ಪ್ರೋಟೀನಿನ ಹೆಸರು ಸ್ಯಾಂಡರ್‌ಸಯಾನಿನ್. ಅತಿನೇರಳೆ ಬೆಳಕು ಬಿಟ್ಟರೆ ಅದು ಕೆಂಪಾಗಿ ಹೊಳೆಯುತ್ತೆ. ಅದರ ರಚನೆಯನ್ನು ಬಿಡಿಸಿ 2016ರಲ್ಲಿ ಪ್ರಕಟಿಸಿದ ತಂಡದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನವರ ಜೊತೆ ನಮ್ಮ ಬೆಂಗಳೂರಿನವರೂ ಇದ್ದರು, ಜಿಕೆವಿಕೆ ಆವರಣದಲ್ಲಿರುವ ಸಂಶೋಧನಾ ಸಂಸ್ಥೆಗಳವರು. ಕೆನಡಾದ ಕೆರೆಯ ಮೀನಿನ ಲೋಳೆ, ಹೆಬ್ಬಾಳದ ಆಚೆಯ ಲ್ಯಾಬು! ಇದನ್ನು ಮಗಳಿಗೆ ಹೇಳಿದಾಗ ಅವಳು ಶಾಲೆಯ ಪ್ರಾಜೆಕ್ಟಿಗೆ ಅದನ್ನೇ ತೆಗೆದುಕೊಂಡಳು.

ಹಾಗಾದರೆ ಪೂರ್ತಿ ಅಂಕ ಯಾಕೆ ಕೊಡುವುದಿಲ್ಲ? ಮೀನು ಸಾಕಿ ಬಿಡುವ ಕೆಲಸದಲ್ಲೇ ಒಂದು ಅಪಾಯ ಇದೆ. ನಮ್ಮ ಕಾವೇರಿ ಇದಕ್ಕೆ ಸಾಕ್ಷಿ. ಕಾವೇರಿಯ ದೊಡ್ಡ ಮಹಶೀರ್, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಮೀನು, ಒಂದು ಕಾಲದಲ್ಲಿ ಇಡೀ ಜಗತ್ತಿನ ಗಾಳದವರನ್ನು ಭೀಮೇಶ್ವರಿ, ಗಾಳಿಬೋರೆ ಕಡೆಗೆ ಎಳೆಯುತ್ತಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಆಮೇಲೆ ಮಹಶೀರ್ ಕಡಿಮೆಯಾಗುತ್ತಿದೆ ಅಂತ ಲೋನಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಒಳ್ಳೆಯದಾಗಲಿ ಅಂತಲೇ ಬಿಟ್ಟದ್ದು. ನೀಲಿ ರೆಕ್ಕೆಯದು ಹೆಚ್ಚಿತು, ಕಿತ್ತಳೆ ರೆಕ್ಕೆಯದು ಕಾಣುವುದೇ ಅಪರೂಪ ಆಯಿತು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಹಿಡಿಯುವುದೂ ಇದಕ್ಕೆ ಸೇರಿಕೊಂಡವು. ಆ ಕಿತ್ತಳೆ ರೆಕ್ಕೆಯದು ಬೇರೆಯೇ ಜಾತಿ, ಟಾರ್ ರೆಮಾದೇವಿಯೈ, ಅಂತ ಖಚಿತವಾಗಿ ತಿಳಿದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಷ್ಟು ದೊಡ್ಡ ಮೀನಿಗೆ ಸರಿಯಾದ ಗುರುತೇ ಇಲ್ಲದೆ ನಾವು ಅದರ ಜಾಗಕ್ಕೆ ಇನ್ನೊಂದನ್ನು ಬಿಟ್ಟಿದ್ದೆವು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತೆ.

ಪೆನ್ಸಿಲ್ವೇನಿಯಾದ ಹೊಳೆಗಳ ಸ್ವಂತ ಟ್ರೌಟ್ ಅಂದರೆ ಬ್ರೂಕ್ ಟ್ರೌಟ್ ಒಂದೇ. ರಾಜ್ಯದ ಮೀನೂ ಅದೇ. ರೇನ್‌ಬೋ ಪಶ್ಚಿಮ ಕರಾವಳಿಯಿಂದ ತಂದದ್ದು, ಬ್ರೌನ್ ಟ್ರೌಟ್ ಯುರೋಪಿನದು. ಹಳದಿಯದಂತೂ ಮನುಷ್ಯರು ಆರಿಸಿ ಬೆಳೆಸಿದ್ದು. ಕಾಡು ಟ್ರೌಟ್ ಚೆನ್ನಾಗಿರುವ ಮೇಲ್ದರ್ಜೆಯ ಹೊಳೆಗಳಿಗೆ ಕಮಿಷನ್ ಸಾಮಾನ್ಯವಾಗಿ ಸಾಕುಮೀನು ಬಿಡುವುದಿಲ್ಲ. ಈ ವಿವೇಕಕ್ಕೆ ನನ್ನ ಪೂರ್ತಿ ಗೌರವ ಇದೆ. ಆದರೆ ಬ್ರೂಕ್ ಟ್ರೌಟ್ ಇನ್ನೂ ಉಳಿದಿರುವ ಸಣ್ಣಪುಟ್ಟ ಹೊಳೆಗಳಲ್ಲೂ ಸಾಕುಮೀನು ಕಡಿಮೆ ಆಗಬೇಕು ಅನ್ನುವವರ ಪರ ನಾನು. ಶರತ್ಕಾಲದಲ್ಲಿ ಬೆಟ್ಟದ ತೊರೆಗೆ ಹೋಗಿ ಒಂದು ಗಂಡು ಬ್ರೂಕ್ ಟ್ರೌಟ್ ನೋಡಿ. ಹೊಟ್ಟೆ ಕಿತ್ತಳೆ, ರೆಕ್ಕೆಯ ಅಂಚಿಗೆ ಬಿಳಿ ಗೆರೆ, ಅದರ ಪಕ್ಕ ಕಪ್ಪು, ಮೈಮೇಲೆ ನೀಲಿ ಉಂಗುರದ ಒಳಗೆ ಕೆಂಪು ಚುಕ್ಕೆ. ಅಂಗೈ ಅಗಲದ ಮೀನು. ಯಾರೂ ಬೆಳೆಸಿದ ಬಣ್ಣ ಅಲ್ಲ ಅದು. ಹಿಡಿದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ನೀರಿನಲ್ಲೇ ಬಿಟ್ಟುಬಿಡಿ.

ಒಟ್ಟು ನನ್ನ ಅಂಕ ಐದಕ್ಕೆ ನಾಲ್ಕು. ಮಕ್ಕಳಿರುವವರಿಗೆ, ಈಗ ತಾನೇ ಗಾಳ ಹಿಡಿಯಲು ಕಲಿಯುವವರಿಗೆ, ಊರಿನಿಂದ ಅಪ್ಪ ಅಮ್ಮ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಯೋಚಿಸುವವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ಹೋಗಿ. ಒಬ್ಬರೇ ಸದ್ದಿಲ್ಲದೆ ಹೊಳೆಯಲ್ಲಿ ನಿಲ್ಲಬೇಕು ಅನ್ನುವವರು ಏಪ್ರಿಲ್ ಬಿಟ್ಟು ಮೇ ಕೊನೆಗೆ ಬನ್ನಿ. ಮೀನು ಹಿಡಿಯುವುದೇ ಇಷ್ಟ ಇಲ್ಲ, ಬರೀ ನೋಡಬೇಕು ಅಂದರೂ ದಾರಿ ಇದೆ. ಕಾರ್ಲೈಲ್ ಹತ್ತಿರ ಹಂಟ್ಸ್‌ಡೇಲ್‌ನಲ್ಲಿ ಕಮಿಷನ್ನಿನದೇ ಮೀನುಮರಿ ಕೇಂದ್ರ ಇದೆ, ಯೆಲ್ಲೋ ಬ್ರೀಚಸ್ ಹೊಳೆಯ ಮೇಲ್ಭಾಗದಲ್ಲಿ. ಜನರಿಗೆ ಪ್ರವೇಶ ಇದೆ. ಉದ್ದನೆಯ ತೊಟ್ಟಿಗಳ ಪಕ್ಕ ನಡೆದು ನೋಡಬಹುದು. ನಮ್ಮ ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ನಮ್ಮೂರ ಕಡೆಯ ಚಿಪ್ಪಲಗುಡ್ಡೆಯ ದೇವರ ಮೀನಿಗೆ ಮಂಡಕ್ಕಿ ಹಾಕಿ ಅಭ್ಯಾಸ ಇದ್ದವರು. "ಇಷ್ಟು ಮೀನು ಸಾಕಿ ಯಾರಿಗೂ ಮಾರೋದಿಲ್ವಾ?" ಅಂತ ಕೇಳಿದರು. ಲೈಸೆನ್ಸಿನ ದುಡ್ಡಿನಲ್ಲಿ ನಡೆಯುತ್ತೆ ಅಮ್ಮ ಅಂದೆ. ಹಾಗಾದರೆ ನೀನು ಕಟ್ಟು ಅಂದರು.

ಮೀನು ಬಿಡುವ ದಿನಗಳ ಪಟ್ಟಿ ಚಳಿಗಾಲ ಮುಗಿಯುವ ಮೊದಲೇ ಬರುತ್ತೆ. ಬಕೆಟ್ ಹೊರುವುದಕ್ಕೆ ಹೋಗುವವರು ಮಕ್ಕಳಿಗೆ ಮೊಣಕಾಲವರೆಗಿನ ರಬ್ಬರ್ ಬೂಟು, ಎರಡು ಜೊತೆ ಕಾಲುಚೀಲ, ಒಣಗಿದ ಒಂದು ಪ್ಯಾಂಟು ಕಾರಿನಲ್ಲಿ ಇಟ್ಟುಕೊಳ್ಳಿ. ಬೂಟು ಈಗಲೇ ತಂದಿಡುವುದು ಒಳ್ಳೆಯದು. ಮಾರ್ಚಿನಲ್ಲಿ ಸಣ್ಣ ಸೈಜು ಹುಡುಕಿದರೂ ಸಿಗುವುದಿಲ್ಲ.